ಬಾನೆಟ್ಟಿನ ಮೇಲಿನ ಕೈ

ನರಸಿಂಹರಾಜಪುರದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ನಲ್ಲಿಗೆ ವಾಷರ್ ಕೊಳ್ಳಲು ನಿಂತಿದ್ದೆ. ಅಂಗಡಿಯ ಹಿಂದಿನ ಅಂಗಳದಲ್ಲಿ ಯಾರೋ ಸ್ಕೂಟರಿನ ಮಡ್‌ಗಾರ್ಡನ್ನು ನೀರು ಹಾಕಿ ಉಜ್ಜುತ್ತಿದ್ದರು. ಸದ್ದು ಆಮೇಲೆ ಕೇಳಿಸಿತು, ಮೊದಲು ಬಂದದ್ದು ವಾಸನೆ: ನೆನೆದ ಮರಳುಕಾಗದ, ಕರಗಿದ ಬಟ್ಟೆ ಸೋಪು, ಹಳೆಯ ಬಣ್ಣ, ಎಲ್ಲದರ ತಳದಲ್ಲಿ ಸಣ್ಣಗೆ ತುಕ್ಕು. ನನ್ನ ಅಂಗೈ ತಾನಾಗಿಯೇ ಒದ್ದೆಯಾಯಿತು. ಹಿಂದೆ ತಿರುಗಿ ನೋಡಿದೆ. ಗಿರಿಜತ್ತೆ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ, ಅವಳು ಅಲ್ಲಿ ನಿಂತಿರುವುದಿಲ್ಲ ಎಂದು ನನಗೆ ಗೊತ್ತು. ಆದರೂ ನೋಡಿದೆ. ನಿಮಗೂ ಹೀಗೆ ಆಗಿರಬಹುದು. ಸತ್ತವರು ವಾಸನೆಯ ಹಿಂದೆಯೇ ಬಂದು ನಿಂತಿರುತ್ತಾರೆ, ನಾವು ತಿರುಗುವಷ್ಟರಲ್ಲಿ ಹೊರಟುಹೋಗಿರುತ್ತಾರೆ. ಅಂಗಡಿಯವರು "ಎಂತ ಬೇಕಿತ್ತಕ್ಕಾ?" ಎಂದು ಮತ್ತೊಮ್ಮೆ ಕೇಳಿದಾಗ ನನಗೆ ವಾಷರಿನ ಅಳತೆಯೇ ಮರೆತುಹೋಗಿತ್ತು.

ನಮ್ಮ ಮನೆ ಇದ್ದದ್ದು ಕೊಪ್ಪದಲ್ಲಿ, ಶೃಂಗೇರಿ ರಸ್ತೆ ಊರು ಬಿಟ್ಟು ಹೊರಡುವ ತಿರುವಿನಲ್ಲಿ. ಮನೆ ಎನ್ನುವುದಕ್ಕಿಂತ, ಅಪ್ಪನ ಗಾಡಿ ಪೇಂಟಿಂಗ್ ಶೆಡ್ಡಿನ ಬೆನ್ನಿಗೆ ಅಂಟಿಕೊಂಡ ಕೆಲವು ಕೋಣೆಗಳು ಎನ್ನುವುದೇ ಸರಿ. ಅಮ್ಮ ಮಾಡಿದ ಸಾರಿನಲ್ಲೂ ಥಿನ್ನರಿನ ವಾಸನೆ ಇರುತ್ತಿತ್ತು. ನೆಂಟರು ಮೂಗು ಮುಚ್ಚಿಕೊಂಡು ಉಣ್ಣುತ್ತಿದ್ದರು, ನಮಗೆ ಬೇರೆಯವರ ಮನೆಯ ಸಾರು ಸಪ್ಪೆ ಎನಿಸುತ್ತಿತ್ತು. ಶೆಡ್ಡಿನ ಮುಂದಿನ ಚರಂಡಿಯಲ್ಲಿ ಒಂದು ದಿನ ಕೆಂಪು ನೀರು, ಒಂದು ದಿನ ಹಾಲಿನಂಥ ಬಿಳಿ ನೀರು ಹರಿಯುತ್ತಿತ್ತು. ಶಾಲೆಯಿಂದ ಬರುವಾಗ ದೂರದಿಂದಲೇ ಚರಂಡಿ ನೋಡಿ, ಇವತ್ತು ಅತ್ತೆಯ ಕೈಯಲ್ಲಿ ಯಾವ ಬಣ್ಣದ ಗಾಡಿ ಇದೆ ಎಂದು ಹೇಳಿಬಿಡುತ್ತಿದ್ದೆ. ಬಣ್ಣ ಹೊಡೆಯುವುದು ಅಪ್ಪನ ಕೆಲಸ, ಉಜ್ಜುವುದು ಅಪ್ಪನ ಅಕ್ಕ ಗಿರಿಜತ್ತೆಯ ಕೆಲಸ. ಅತ್ತೆ ಮದುವೆಯಾಗಲಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ಇಟ್ಟು, "ನಿಮ್ ಕಾರಿಗೆ ಬಣ್ಣ ಹೊಡೆದೋರು ಯಾರು? ಸರಿಯಾಗಿ ಉಜ್ಜಿಲ್ಲ" ಎಂದಿದ್ದಳಂತೆ. ಅವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ ಎಂದು ಅಮ್ಮ ನಗುತ್ತಾ ಹೇಳುತ್ತಿದ್ದಳು.

ಬಣ್ಣ ಹೊಡೆದರೆ ಗಾಡಿ ಹೊಳೆಯುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಬಣ್ಣ ಎಷ್ಟೇ ಚೆನ್ನಾಗಿ ಬಿದ್ದರೂ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ತಗ್ಗು ದಿಣ್ಣೆ ಉಳಿಯುತ್ತದೆ. ಅದನ್ನು ನೀರು ಹಾಕಿ ಉಜ್ಜಿ ಮಟ್ಟ ಮಾಡಬೇಕು. ಅತ್ತೆ ವಾಟರ್ ಪೇಪರನ್ನು, ಅಂದರೆ ನೀರು ಹಾಕಿ ಉಜ್ಜುವ ಮರಳುಕಾಗದವನ್ನು, ಹಿಂದಿನ ಸಂಜೆಯೇ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದಳು. ಒಣ ಕಾಗದದ ಅಂಚು ಚೂಪು, ಬಣ್ಣವನ್ನು ಗೀರುತ್ತದೆ. ನೀರಿಗೆ ಚಿಟಿಕೆ ಸೋಪು, ಕಾಗದಕ್ಕೆ ಹಿಂದಿನಿಂದ ಒಂದು ರಬ್ಬರಿನ ತುಂಡು, ಬೆರಳಿನಿಂದ ಮಾತ್ರ ಒತ್ತಲೇಬಾರದು, ಬೆರಳಿದ್ದಲ್ಲಿ ಗೆರೆ ಏಳುತ್ತದೆ. ಬಾಗಿಲಿನ, ಬಾನೆಟ್ಟಿನ ಅಂಚುಗಳಲ್ಲಿ ಬಣ್ಣ ತೆಳು, ಅಲ್ಲಿಗೆ ಮೊದಲೇ ಟೇಪು. ಮೊದಲು ಒರಟು ಕಾಗದ, ಆಮೇಲೆ ನುಣುಪು, ಕೊನೆಗೆ ಮುಟ್ಟಿದರೆ ಕಾಗದವೋ ಬಟ್ಟೆಯೋ ತಿಳಿಯದಷ್ಟು ನುಣುಪು. ನೆಲಕ್ಕೆ ಬಿದ್ದ ಕಾಗದವನ್ನು ಅವಳು ಮತ್ತೆ ಮುಟ್ಟುತ್ತಿರಲಿಲ್ಲ, ಒಂದು ಮರಳಿನ ಕಾಳು ಅಂಟಿದ್ದರೂ ವಾರದ ಕೆಲಸ ಹಾಳು. ನನ್ನ ಕೆಲಸ ಚೊಂಬಿನಿಂದ ನೀರು ಬಿಡುವುದು. ನಡುನಡುವೆ ಅವಳು ಕೈ ನಿಲ್ಲಿಸಿ ತಲೆ ಓರೆ ಮಾಡಿ ಕೇಳುತ್ತಿದ್ದಳು. ಕಾಗದ ಮೊದಲು ಗರಗರ ಎನ್ನುತ್ತದೆ, ಮಟ್ಟವಾಗುತ್ತಾ ಬಂದಂತೆ ಉಸಿರಿನಷ್ಟು ಸಣ್ಣಗಾಗುತ್ತದೆ. "ಈಗ ಸುಮ್ನಾಯ್ತು ನೋಡು" ಎಂದು ಅವಳು ಗಾಡಿಯ ಬೆನ್ನು ತಟ್ಟಿದಾಗ, ಅಲ್ಲಿಯವರೆಗೆ ಅದು ಏನು ಹೇಳುತ್ತಿತ್ತು ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ.

ನನಗೆ ಹೆದರಿಕೆ ಇದ್ದದ್ದು ಉಜ್ಜಿ ಮುಗಿದ ಗಾಡಿಯನ್ನು ಕಂಡರೆ. ಹೊಸ ಬಣ್ಣದಲ್ಲಿ ನಮ್ಮ ಮುಖ ಕಾಣುತ್ತದಲ್ಲ, ಉಜ್ಜುತ್ತಾ ಹೋದಂತೆ ಆ ಮುಖಕ್ಕೆ ಮಂಕು ಕವಿಯುತ್ತದೆ, ಕಣ್ಣು ಹೋಗುತ್ತದೆ, ಬಾಯಿ ಹೋಗುತ್ತದೆ, ಕೊನೆಗೆ ಬೂದಿ ಬಳಿದಂಥ ತಗಡು ಮಾತ್ರ ಉಳಿಯುತ್ತದೆ. ಅದರ ಮುಂದೆ ನಿಂತರೆ ನಾವು ಇಲ್ಲವೇ ಇಲ್ಲ. ಕಾಂಪೌಂಡ್ ಎಂಬ ಹೊಳಪಿನ ಪೇಸ್ಟು ಹಾಕಿ ಪಾಲಿಶ್ ಮಾಡಿದ ಮೇಲೆಯೇ ಮುಖ ವಾಪಸು ಬರುವುದು. ಇದಕ್ಕೇ ಇರಬೇಕು, ನಮ್ಮ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಅಜ್ಜನ ಕಾಲದಿಂದ ಬಂದದ್ದಂತೆ. ಪಾಲಿಶ್ ಮುಗಿದ ಕೂಡಲೇ ಬಾನೆಟ್ಟಿನ ಮೇಲೆ ಹಳೆಯ ಪಂಚೆ ಹೊದಿಸಿಬಿಡಬೇಕು. ಗಾಡಿಯ ಯಜಮಾನ ಬಂದು, ಪಂಚೆ ಎಳೆದು, ಅದರಲ್ಲಿ ಮೊದಲು ತನ್ನ ಮುಖ ನೋಡಿಕೊಳ್ಳಬೇಕು. ಪಾಲಿಶ್ ಮಾಡುವಾಗಲೂ ಅತ್ತೆ ಓರೆಯಾಗಿ ನಿಂತು, ತನ್ನ ಮುಖ ಬೀಳದಂತೆ ನೋಡಿಕೊಳ್ಳುತ್ತಿದ್ದಳು. ಬೇರೆಯವರ ಮುಖ ಮೊದಲು ಬಿದ್ದರೆ ಏನಾಗುತ್ತದೆ ಎಂದು ಕೇಳಿದರೆ "ಗಾಡಿ ಅವರದ್ದಾಗ್ತದೆ" ಎಂದಷ್ಟೇ ಹೇಳುತ್ತಿದ್ದಳು.

ಇನ್ನೊಂದು ಕಟ್ಟಳೆ ಅತ್ತೆಯೊಬ್ಬಳಿಗೇ ಮೀಸಲು. ಅವಳ ಅಂಗೈ ಸದಾ ಬೆವರುತ್ತಿತ್ತು. ಅಂಥಿಂಥ ಬೆವರಲ್ಲ. ಅವಳು ಹಿಡಿದ ಕತ್ತರಿ, ಅವಳು ಹಾಕಿದ ಬೀಗ, ಎಲ್ಲವೂ ಬೇಗ ತುಕ್ಕು ಹಿಡಿಯುತ್ತಿದ್ದವು. ನಮ್ಮ ಹಿತ್ತಲ ಬಾಗಿಲಿನ ಚಿಲಕದ ಮೇಲೆ ಅವಳ ಹೆಬ್ಬೆರಳಿನ ಕಂದು ಗುರುತು ಇತ್ತು. "ನಿನ್ ಕೈಲಿ ಉಪ್ಪಿನಕಾಯಿ ಹಾಕಿದ್ರೆ ಬೇರೆ ಉಪ್ಪೇ ಬೇಡ" ಎಂದು ಅಮ್ಮ ರೇಗಿಸುತ್ತಿದ್ದಳು. ಬಣ್ಣ ಇರುವಲ್ಲಿ ಅವಳು ಎಲ್ಲಿ ಬೇಕಾದರೂ ಕೈಯಾಡಿಸಬಹುದಿತ್ತು, ಕಣ್ಣಿಗೆ ಕಾಣದ ತಗ್ಗು ಅವಳ ಅಂಗೈಗೆ ತಿಳಿಯುತ್ತಿತ್ತು. ಆದರೆ ಹೊಸ ಬಣ್ಣಕ್ಕೆ ಮೊದಲು ತಗಡು ಬರಿದಾಗುವವರೆಗೆ ಉಜ್ಜಿದ ಜಾಗಕ್ಕೆ ಬರಿಗೈ ಇಡುವ ಹಾಗಿಲ್ಲ. ಅಪ್ಪಿತಪ್ಪಿ ಇಟ್ಟರೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಕೂಡಲೇ ಒರೆಸಬೇಕು. ಒರೆಸದೆ ಮೇಲೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ಲೇಪ, ಹೊಡೆದರೆ, ಆ ಉಪ್ಪು ಒಳಗೇ ಉಳಿದು ತಗಡನ್ನು ತಿನ್ನಲು ಶುರುಮಾಡುತ್ತದೆ. ಅವಳ ಕೈ ನನಗೂ ಬಂದಿದೆ. ನನ್ನ ಕಂಪಾಸು ಪೆಟ್ಟಿಗೆ ವರ್ಷಕ್ಕೊಂದು ಬೇಕಾಗುತ್ತಿತ್ತು.

ಶೃಂಗೇರಿ ಕಡೆಯ ಅಡ್ಡಗದ್ದೆಯ ದಿನೇಶಣ್ಣ ತನ್ನ ಜೀಪನ್ನು ತಂದದ್ದು ಎರಡು ಸಾವಿರದ ಇಸವಿಯ ಆಚೀಚಿನ ಒಂದು ಬೇಸಿಗೆಯಲ್ಲಿ. ಹಲಸಿನ ಕೊಂಬೆ ಮುರಿದು ಬಾನೆಟ್ಟಿನ ಮೇಲೆ ಬಿದ್ದಿತ್ತು. ಪಕ್ಕದ ಟಿಂಕರಿಂಗ್ ಶೆಡ್ಡಿನ ಹಸನ್ ಸಾಬರು ತಗ್ಗನ್ನು ಬಡಿದು ಎತ್ತಿಕೊಟ್ಟ ಮೇಲೆ ಜೀಪು ಅತ್ತೆಯ ಕೈಗೆ ಬಂತು. ಗಾಡಿ ಬಿಟ್ಟು ಹೋಗುವ ಬದಲು ದಿನೇಶಣ್ಣ ಖಾಲಿ ಡ್ರಮ್ಮಿನ ಮೇಲೆ ಕೂತು ಅತ್ತೆ ಉಜ್ಜುವುದನ್ನು ನೋಡುತ್ತಿದ್ದ. ಬೆಳಿಗ್ಗೆಯ ಬಸ್ಸಿಗೆ ಬಂದರೆ ಮಧ್ಯಾಹ್ನ ನಮ್ಮಲ್ಲೇ ಊಟ. ತಾನೂ ಉಜ್ಜುತ್ತೇನೆ ಎಂದು ಕಾಗದ ಇಸಿದುಕೊಂಡು ಗುಂಡಗೆ ತಿರುಗಿಸುತ್ತಿದ್ದ. "ದೋಸೆ ಹುಯ್ತಾ ಇದೀಯಾ ಮಾರಾಯ? ನೇರ ಉಜ್ಜು, ನೇರ!" ಎಂದು ಅತ್ತೆ ಬೈಯುತ್ತಿದ್ದಳು. ಅವಳನ್ನು ಮಾತಾಡಿಸುವವರು ಕಡಿಮೆ, ಅವಳೊಡನೆ ತಮಾಷೆ ಮಾಡುವವರಂತೂ ಇರಲೇ ಇಲ್ಲ. ಕಡುನೀಲಿ ಬಣ್ಣ ಆರಿಸಿದವನು ಅವನೇ. "ಹೆಣ್ಣು ನೋಡಕ್ಕೆ ಇದ್ರಲ್ಲೇ ಹೋಗೋದು ಅಕ್ಕಾ. ಮುಖ ಚಂದ ಕಾಣೋ ಹಾಗೆ ಉಜ್ಜಿ" ಎಂದ. "ಇಲ್ಲದ ಚಂದ ಎಲ್ಲಿಂದ ತರ್ಲಿ ನಾನು?" ಎಂದಳು ಅತ್ತೆ. ಅವಳು ಹಾಗೆ ಬಾಯಿ ತುಂಬಾ ನಕ್ಕದ್ದನ್ನು ನಾನು ಕಂಡದ್ದು ಆ ಬೇಸಿಗೆಯಲ್ಲಿ ಮಾತ್ರ.

ಒಂದು ದಿನ ಅವನು ಬರಲಿಲ್ಲ. ಅತ್ತೆ ಬಾನೆಟ್ಟನ್ನು ತಗಡಿನವರೆಗೆ ಉಜ್ಜಿ, ನೀರು ಒರೆಸಿ, ಒಣಗಲು ಬಿಟ್ಟಿದ್ದಳು. ಹೊಡೆತ ಬಿದ್ದಿದ್ದ ಜಾಗದಲ್ಲಿ ಮೊರದಷ್ಟು ಅಗಲ ಬರಿಯ ಕಬ್ಬಿಣ ಬೆಳ್ಳಗೆ ಕಾಣುತ್ತಿತ್ತು. ಹಸನ್ ಸಾಬರು ಶೃಂಗೇರಿಯ ಬಸ್ಸಿನಿಂದ ಇಳಿದು ನೇರ ನಮ್ಮ ಶೆಡ್ಡಿಗೆ ಬಂದರು, ಟೋಪಿ ಕೈಯಲ್ಲಿತ್ತು. "ಅಕ್ಕಾ, ನಮ್ ದಿನೇಶ ಹೋಗ್ಬಿಟ್ಟ. ಹೊಳೆಗೆ ಈಜಕ್ಕೆ ಇಳಿದೋನು ಮೇಲೆ ಬರ್ಲಿಲ್ವಂತೆ" ಎಂದರು. ಅತ್ತೆ ಬೀಳದಂತೆ ಬಾನೆಟ್ಟಿಗೆ ಕೈ ಊರಿ ನಿಂತಳು. ಅಪ್ಪ, ಹಸನ್ ಸಾಬರು ಅಡ್ಡಗದ್ದೆಗೆ ಹೊರಟುಹೋದರು, ಅಮ್ಮ ಕರೆದಳು, ನಾನು ಸೆರಗು ಎಳೆದೆ. ಅವಳು ಹಾಗೆಯೇ ನಿಂತಿದ್ದಳು. ಚೊಂಬಿನಲ್ಲಿ ನೀರು ಹಿಡಿದುಕೊಂಡು ನಾನೂ ಅವಳ ಪಕ್ಕ ನಿಂತಿದ್ದೆ, ಯಾಕೆಂದರೆ ನೀರು ಬಿಡು ಎಂದೋ ಬೇಡ ಎಂದೋ ಅವಳು ಹೇಳಿರಲಿಲ್ಲ. ಮರುದಿನ ಮೋಡ ಕಟ್ಟಿತ್ತು. ಮಳೆ ಬಂದರೆ ತಗಡು ಕೆಡುತ್ತದೆ ಎಂಬ ಗಡಿಬಿಡಿಯಲ್ಲಿ ಅಪ್ಪ ಬೆಳಗಾಗುತ್ತಲೇ ಪ್ರೈಮರ್ ಹೊಡೆದ. ಥಿನ್ನರಿನಲ್ಲಿ ಒರೆಸುವುದು ಅಕ್ಕನ ಕೆಲಸ, ಅವಳು ಒರೆಸಿರುತ್ತಾಳೆ ಎಂದುಕೊಂಡ.

ದಿನೇಶಣ್ಣನ ಅಮ್ಮ ಲಲಿತಮ್ಮ, ಮಗ ಹೇಳಿದ ಬಣ್ಣವನ್ನೇ ಹೊಡೆದು ಮುಗಿಸಿ ಎಂದು ಹೇಳಿಕಳಿಸಿದ್ದರು. ನೀಲಿ ಬಣ್ಣ ಬಿತ್ತು. ಅತ್ತೆ ಆ ಬಾನೆಟ್ಟನ್ನು ಉಜ್ಜಿದ ಹಾಗೆ ಬೇರೆ ಯಾವುದನ್ನೂ ಉಜ್ಜಿರಲಿಲ್ಲ. ಕಾಗದದ ಸದ್ದು ಪೂರ್ತಿ ನಿಂತ ಮೇಲೂ ಉಜ್ಜುತ್ತಲೇ ಇದ್ದಳು, ಚರಂಡಿಯ ತುಂಬಾ ನೀಲಿ ನೀರು. ಪಾಲಿಶ್ ಆಯಿತು, ಪಂಚೆ ಹೊದಿಸಿದ್ದಾಯಿತು. ಆಗ ಎದುರಾಯಿತು ನೋಡಿ ಪ್ರಶ್ನೆ: ಮೊದಲು ಮುಖ ನೋಡಬೇಕಾದವನೇ ಇಲ್ಲ. ಪಂಚೆ ಹೊದ್ದ ಜೀಪು ಶೆಡ್ಡಿನ ನಡುವೆ ಸುಮ್ಮನೆ ನಿಂತಿತ್ತು, ನಾವೆಲ್ಲ ಅದರ ಸುತ್ತ ಬಳಸಿ ಓಡಾಡುತ್ತಿದ್ದೆವು. ಗಾಳಿಗೆ ಪಂಚೆಯ ಚುಂಗು ಎದ್ದರೆ ಅಪ್ಪ ಬೇರೆ ಕಡೆ ನೋಡುತ್ತಿದ್ದ. ಕೊನೆಗೆ ಲಲಿತಮ್ಮ ಅಳಿಯನ ಜೊತೆ ಬಂದರು. ಅವರೇ ಪಂಚೆ ಎಳೆದರು. ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. "ನಾನೊಬ್ಳೇ ಕಾಣ್ತೀನಲ್ಲ" ಎಂದರು. ಅತ್ತೆ ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು.

ಮಳೆಗಾಲ ಕಳೆದು ಜೀಪು ಮತ್ತೆ ಬಂತು. ಬಣ್ಣದಲ್ಲಿ ಏನೋ ಗುಳ್ಳೆ ಎದ್ದಿದೆ ಎಂದು ಅಳಿಯ ಬೆಳಿಗ್ಗೆಯೇ ನಿಲ್ಲಿಸಿ, ಬಸ್ಸಿಗೆ ಓಡಿದ್ದ. ಮೊದಲು ನೋಡಿದವಳು ನಾನು. ಹಲ್ಲುಜ್ಜುತ್ತಾ ಶೆಡ್ಡಿಗೆ ಬಂದೆ. ಬಾಗಿಲಿನಿಂದ ಎಳೆಬಿಸಿಲು ಓರೆಯಾಗಿ ಬೀಳುತ್ತಿತ್ತು. ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು, ಮೊದಲು ನೀರ ಹನಿ ಎಂದುಕೊಂಡೆ. ಹತ್ತಿರ ಹೋಗುತ್ತಿದ್ದಂತೆ ಅವು ಒಂದಕ್ಕೊಂದು ಸೇರಿಕೊಂಡವು. ಬೆರಳುಗಳು, ಅಂಗೈ, ಹೆಬ್ಬೆರಳು. ಒಂದು ಕೈ. ಹೊರಗಿನಿಂದ ಒತ್ತಿದ ಗುರುತಾಗಿದ್ದರೆ ತಗ್ಗಿರಬೇಕಿತ್ತು. ಇದು ಉಬ್ಬಿತ್ತು, ಬಣ್ಣದ ಕೆಳಗಿನಿಂದ ಯಾರೋ ಮೇಲಕ್ಕೆ ಒತ್ತುತ್ತಿದ್ದಾರೆ, ಇನ್ನೇನು ನೀಲಿ ಹರಿಯಬೇಕು, ಹಾಗೆ. ಅದರ ಸುತ್ತ ಹೊಳೆಯುವ ನೀಲಿಯಲ್ಲಿ ನನ್ನ ಮುಖ ಇತ್ತು, ಆ ಕೈ ನನ್ನ ಕೆನ್ನೆಯ ಮೇಲೆ ಇತ್ತು. ಬ್ರಷ್ಷು ಎಲ್ಲಿ ಬಿತ್ತೋ ಗೊತ್ತಿಲ್ಲ. ಕೂಗಿದೆನಂತೆ, ನನಗೆ ನೆನಪಿಲ್ಲ.

ಸುದ್ದಿ ಊರಿಗೆ ಹಬ್ಬಲು ಎಷ್ಟು ಹೊತ್ತು ಬೇಕು? ಹೊಳೆಯಲ್ಲಿ ಸತ್ತವನ ಕೈ ಜೀಪಿನಿಂದ ಏಳುತ್ತಿದೆ ಎಂದು ಸಂತೆಗೆ ಬಂದವರೆಲ್ಲ ಬಂದು ಇಣುಕಿದರು. ತಮ್ಮ ಗಾಡಿ ಬಿಟ್ಟಿದ್ದ ಒಬ್ಬರು ಅರ್ಧ ಉಜ್ಜಿದ್ದನ್ನೇ ತೆಗೆದುಕೊಂಡು ಹೋದರು. "ಇವತ್ತೇ ಬುಡ ಕಾಣೋವರೆಗೂ ಉಜ್ಜಿ ತೆಗೀಬೇಕು ಅಕ್ಕಾ. ಇಲ್ದಿದ್ರೆ ನಾವು ಶೆಡ್ ಮುಚ್ಚೋದೇ" ಎಂದ ಅಪ್ಪ. ಅತ್ತೆ ಒರಟು ಕಾಗದ ನೆನೆಹಾಕಿದಳು. ಕಾಗದವನ್ನು ರಬ್ಬರಿಗೆ ಸುತ್ತಿ, ನನ್ನತ್ತ ನೋಡಿ, "ನೀರು ಬಿಡು ಪುಟ್ಟೀ" ಎಂದಳು. ಅಷ್ಟರಲ್ಲಿ ಸುದ್ದಿ ಕೇಳಿದ ಲಲಿತಮ್ಮ ಬಸ್ಸಿಳಿದು ಓಡೋಡಿ ಬಂದರು. ಅವರ ಕಾಲಿನಲ್ಲಿ ಒಂದೇ ಚಪ್ಪಲಿ ಇತ್ತು. ಬಾನೆಟ್ಟಿಗೂ ಅತ್ತೆಗೂ ನಡುವೆ ನಿಂತರು. "ಉಜ್ಜಬೇಡಿ. ನನ್ ಮಗನ್ನ ಉಜ್ಜಬೇಡಿ" ಎಂದರು. ಆ ಕೈಯ ಮೇಲೆ ಮೆತ್ತಗೆ ಕೈ ಇಟ್ಟರು, ನೋವಾದೀತು ಎನ್ನುವ ಹಾಗೆ. ಅಪ್ಪ ಏನೋ ಹೇಳಲು ಹೋದ. "ಮಗನ ಕೈ ತಾಯಿಗೆ ಗೊತ್ತಾಗಲ್ವ?" ಎಂದು ಕೇಳಿದರು. ನನ್ನ ಚೊಂಬಿನಿಂದ ನೀರು ಸುರಿಯುತ್ತಲೇ ಇತ್ತು. ಅತ್ತೆ ಅವರನ್ನು ನೋಡಿದಳು, ಕೈಯನ್ನು ನೋಡಿದಳು, ಆಮೇಲೆ ಕಾಗದವನ್ನು ಬಕೆಟ್ಟಿಗೆ ಹಾಕಿದಳು. ಲಲಿತಮ್ಮ ಶೆಡ್ಡಿನಲ್ಲೇ ಕಾದು ಕೂತು, ಅಳಿಯ ಬಂದ ಮೇಲೆ ಜೀಪು ಹತ್ತಿ ಹೋದರು.

ಜೀಪಿನ ಸದ್ದು ತಿರುವು ದಾಟಿದ ಮೇಲೆ ಅಪ್ಪ ಹಿತ್ತಲ ಬಾಗಿಲಿಗೆ ಹೋಗಿ ಚಿಲಕವನ್ನೇ ನೋಡುತ್ತಾ ನಿಂತ. ವಾಪಸು ಬಂದು ಅತ್ತೆಯ ಬಲಗೈ ಹಿಡಿದು ಬಿಡಿಸಿದ. ಚಿಕ್ಕಂದಿನಲ್ಲಿ ಮುರಿದು ಸರಿಯಾಗಿ ಕೂಡದ ಅವಳ ಕಿರುಬೆರಳು ಉಳಿದ ಬೆರಳುಗಳಿಂದ ದೂರ ನಿಂತಿತ್ತು. ಬಾನೆಟ್ಟಿನ ಮೇಲಿನ ಕಿರುಬೆರಳೂ ಹಾಗೆಯೇ ದೂರ ನಿಂತಿದ್ದದ್ದು ಆಗ ನನಗೆ ಹೊಳೆಯಿತು. "ಅದು ನಿನ್ ಕೈ ಅಲ್ವ ಅಕ್ಕಾ?" ಎಂದ ಅಪ್ಪ. "ಹೌದು" ಎಂದಳು ಅತ್ತೆ. "ಅವ್ನು ಹೋದ ಅಂತ ಸಾಬ್ರು ಹೇಳ್ದಾಗ ಇಟ್ಟಿದ್ದು. ಒರೆಸಕ್ಕೆ ನೆನಪಾಗ್ಲಿಲ್ಲ. ಹೋಗಿ ಹೇಳು ಬೇಕಾದ್ರೆ." ಹೇಳಿದ್ದರೆ ಶೆಡ್ಡು ಉಳಿಯುತ್ತಿತ್ತು. ಕೆಟ್ಟ ಕೆಲಸಕ್ಕೆ ಜನ ನಾಲ್ಕು ಮಾತು ಬೈದು ಮತ್ತೆ ಬರುತ್ತಾರೆ, ಸತ್ತವನ ಕೈಗೆ ಹೆದರಿದವರು ಬರುವುದಿಲ್ಲ. ಅಪ್ಪ ಒಂದಷ್ಟು ಹೊತ್ತು ಅಂಗಳದಲ್ಲಿ ಓಡಾಡಿದ. ಅಮ್ಮ ಊಟಕ್ಕೆ ಕರೆದಾಗ ಬಂದು ಕೂತ. ಊಟದ ನಡುವೆ, ಯಾರನ್ನೂ ನೋಡದೆ, "ಹೋಗ್ಲಿ ಬಿಡು. ಆಯಮ್ಮಂಗೆ ಬೇರೆ ಎಂತ ಉಳಿದಿದೆ?" ಎಂದ. ನನಗೆ ಅಪ್ಪನ ಮೇಲೆ ಇಷ್ಟೊಂದು ಪ್ರೀತಿ ಯಾಕೆ ಎಂದು ಯಾರಾದರೂ ಕೇಳಿದರೆ ನಾನು ಆ ಊಟವನ್ನೇ ನೆನೆಯುತ್ತೇನೆ.

ಅತ್ತೆ ಅವತ್ತು ಹೇಳಿದ್ದು ಅಷ್ಟೇ. ಉಳಿದದ್ದನ್ನು ಎಷ್ಟೋ ದಿನಗಳ ಮೇಲೆ, ನನ್ನ ತಲೆ ಬಾಚುತ್ತಾ ಹೇಳಿದಳು. "ಕೈ ನಂದೇ ಹೌದು ಪುಟ್ಟೀ. ಆದ್ರೆ ಅವತ್ತು ತಗಡು ಬೆಚ್ಚಗಿತ್ತು. ಬಿಸಿಲಿರ್ಲಿಲ್ಲ, ಗಾಡಿ ಸ್ಟಾರ್ಟ್ ಮಾಡಿ ಎಷ್ಟೋ ದಿನ ಆಗಿತ್ತು. ಆದ್ರೂ ಬೆಚ್ಚಗಿತ್ತು. ಆಚೆಯಿಂದ ಯಾರೋ ಕೈ ಕೊಟ್ಟ ಹಾಗೆ. ಅದಕ್ಕೇ ತೆಗೀಲಿಕ್ಕೆ ಆಗ್ಲಿಲ್ಲ ನಂಗೆ." ಬಾಚಣಿಗೆ ನನ್ನ ಕೂದಲಲ್ಲಿ ನಿಂತುಬಿಟ್ಟಿತ್ತು. ನಾನು ತಿರುಗಿ ಅವಳ ಮುಖ ನೋಡಲಿಲ್ಲ. ಆಮೇಲೆ ಅವಳು ಯಾವ ಗಾಡಿಯನ್ನೂ ಬರಿಗೈಯಲ್ಲಿ ಸವರಲಿಲ್ಲ, ಅಪ್ಪನ ಹಳೆಯ ಬನಿಯನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಳು. ಸವರಲು ಗಾಡಿಗಳೂ ಹೆಚ್ಚು ಬರಲಿಲ್ಲ. ಚರಂಡಿಯ ನೀರು ಬರುಬರುತ್ತಾ ಬರಿಯ ನೀರಾಯಿತು. ಅಪ್ಪ ಬೇರೆಯವರ ಶೆಡ್ಡಿಗೆ ಕೆಲಸಕ್ಕೆ ಹೋದ, ನಮ್ಮ ತಗಡಿನ ಮಾಡು ಬಿಚ್ಚಿ ಯಾರೋ ಕೊಂಡುಹೋದರು. ಅತ್ತೆ ಕೊನೆಗೆ ಹಾಸಿಗೆ ಹಿಡಿದಾಗಲೂ ಅವಳ ಅಂಗೈ ಒದ್ದೆಯಾಗಿಯೇ ಇತ್ತು. ಅವಳು ತೀರಿಕೊಂಡ ಮೇಲೆ ಹುಡುಕಿದರೆ ನಮ್ಮಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ. ಈಗ ಆ ತಿರುವಿನಲ್ಲಿ ಮೊಬೈಲ್ ಅಂಗಡಿ ಇದೆ. ಹಿತ್ತಲ ಬಾಗಿಲೂ ಇಲ್ಲ, ಚಿಲಕವೂ ಇಲ್ಲ.

ಹಾರ್ಡ್‌ವೇರ್ ಅಂಗಡಿಯಿಂದ ಮನೆಗೆ ಹೋದ ಮೇಲೂ ಆ ವಾಸನೆ ನನ್ನನ್ನು ಬಿಡಲಿಲ್ಲ. ಆ ವಾರವೇ ಅಡ್ಡಗದ್ದೆಗೆ ಹೋದೆ. ಲಲಿತಮ್ಮ ಮಗಳು ಅಳಿಯನ ಜೊತೆ ಇದ್ದಾರೆ, ಮೊಮ್ಮಕ್ಕಳ ಗಲಾಟೆಯ ನಡುವೆ ಹಣ್ಣಾಗಿ ಕೂತಿದ್ದಾರೆ. ಉಜ್ಜುವ ಗಿರಿಜಕ್ಕನ ತಮ್ಮನ ಮಗಳು ಎಂದು ಗುರುತು ಹೇಳಿದ ಮೇಲೆ ನನ್ನ ಕೈ ಹಿಡಿದುಕೊಂಡು ಕೊಟ್ಟಿಗೆಯ ಪಕ್ಕದ ಮಾಡಿನಡಿಗೆ ಕರೆದುಕೊಂಡು ಹೋದರು. ಜೀಪು ಓಡುವುದು ಬಿಟ್ಟು ಬಹಳ ಕಾಲವಾಗಿದೆ, ಟೈರು ನೆಲಕ್ಕೆ ಕೂತಿವೆ. ಬಾನೆಟ್ಟಿನ ಮೇಲೆ ಅವತ್ತಿನ ದಾಸವಾಳ ಇತ್ತು. ಹೂವು ಸರಿಸಿ ತೋರಿಸಿದರು. ಗುಳ್ಳೆಗಳು ಎಂದೋ ಒಡೆದು ತುಕ್ಕು ಹರಡಿತ್ತು. ಬೆರಳುಗಳು ಉದ್ದವಾಗಿದ್ದವು, ಅಂಗೈ ಅಗಲವಾಗಿತ್ತು. ಈಗ ಅದು ಅತ್ತೆಯ ಕೈಗಿಂತ ದೊಡ್ಡದು, ಯಾವ ಮನುಷ್ಯರ ಕೈಗಿಂತಲೂ ದೊಡ್ಡದು. ಕಿರುಬೆರಳು ಮಾತ್ರ ಇನ್ನೂ ದೂರವೇ ನಿಂತಿತ್ತು. ಲಲಿತಮ್ಮ ನನ್ನ ಕಿವಿಯ ಹತ್ತಿರ ಬಂದು ಗುಟ್ಟು ಹೇಳುವವರ ಹಾಗೆ ಹೇಳಿದರು: "ಬೆಳೀತಾ ಇದಾನೆ, ನೋಡಿದ್ಯಾ?"

"ಹೌದಮ್ಮ" ಎಂದೆ. ಮುಟ್ಟಬಹುದೇ ಎಂದು ಕೇಳಿದೆ. "ಮುಟ್ಟು ಮಗಾ, ನಿಮ್ ಅತ್ತೆ ಉಜ್ಜಿದ್ದಲ್ವ" ಎಂದು ಹೇಳಿ ಹೂವು ತರಲು ಅಂಗಳಕ್ಕೆ ಹೋದರು. ನಾನು ಕೈ ಇಟ್ಟೆ. ಅತ್ತೆಯ ಗುರುತೆಂದು ಈ ಲೋಕದಲ್ಲಿ ಉಳಿದಿರುವುದು ಇದೊಂದೇ, ಅದನ್ನೂ ಇನ್ನೊಬ್ಬರ ಹೆಸರಿಗೆ ಕೊಟ್ಟು ಹೋಗಿದ್ದಾಳೆ ಎಂದು ಅಳು ಬಂತು. ಮಾಡಿನಡಿಯಲ್ಲಿ ಬಿಸಿಲು ಇರಲಿಲ್ಲ. ಜೀಪಿನ ಎಂಜಿನ್ನಿನಲ್ಲಿ ಜೇಡ ಬಲೆ ಕಟ್ಟಿತ್ತು. ಆದರೂ ತಗಡು ಬೆಚ್ಚಗಿತ್ತು. ಲಲಿತಮ್ಮನ ಹೆಜ್ಜೆಯ ಸದ್ದು ಕೇಳಿದಾಗ ಕೈ ತೆಗೆದೆ. ನನ್ನ ಬೆವರಿನ ಗುರುತು ಅಲ್ಲಿ ಮಿನುಗುತ್ತಿತ್ತು. ನಮ್ಮ ಶೆಡ್ಡಿನ ಕಟ್ಟಳೆಯಂತೆ ಅದನ್ನು ಕೂಡಲೇ ಒರೆಸಬೇಕು. ನಾನು ಒರೆಸದೆ ಬಂದೆ.